ಸೂರಗೊಂಡನಕೊಪ್ಪಕ್ಕೆ ಹೊರಡುವ ಮುನ್ನ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿರುವ ಸೂರಗೊಂಡನಕೊಪ್ಪ ವರ್ಷದ ಬಹುಪಾಲು ದಿನಗಳಲ್ಲಿ ಗದ್ದಲವಿಲ್ಲದ ಊರು. ಫೆಬ್ರುವರಿ ತಿಂಗಳ ಎರಡನೇ ವಾರ ಬಂತೆಂದರೆ ಮಾತ್ರ ಅದರ ಚಹರೆಯೇ ಬದಲಾಗುತ್ತದೆ. ಬಸ್ಸು, ಜೀಪು, ಟ್ರ್ಯಾಕ್ಟರುಗಳಲ್ಲಿ ಜನ ಬಂದಿಳಿಯುತ್ತಾರೆ. ಮಾಲೆ ಧರಿಸಿ ವ್ರತ ಹಿಡಿದವರು ದಿನಗಟ್ಟಲೆ ನಡೆದು ಬರುತ್ತಾರೆ. ಕರ್ನಾಟಕದ ತಾಂಡಾಗಳಿಂದಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಪ್ರದೇಶಗಳಿಂದಲೂ ಭಕ್ತರು ಬರುವುದುಂಟು.

ಇದು ಬಂಜಾರ ಸಮುದಾಯದ, ಅಂದರೆ ಕನ್ನಡಿಗರು ಲಂಬಾಣಿಗರೆಂದು ಕರೆಯುವ ಜನರ, ಗುರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ ಊರು. ಭೀಮಾ ನಾಯಕ ಮತ್ತು ಧರ್ಮಿಣಿ ದಂಪತಿಯ ಮಗನಾಗಿ ಅವರು 1739ರ ಫೆಬ್ರುವರಿ 15ರಂದು ಜನಿಸಿದರೆಂದು ಭಕ್ತರು ನಂಬುತ್ತಾರೆ. ಭಾಯಾಗಡ ಎಂಬುದು ಕ್ಷೇತ್ರಕ್ಕಿರುವ ಇನ್ನೊಂದು ಹೆಸರು. ಇಲ್ಲಿ ಸೇವಾಲಾಲರ ಮತ್ತು ಮರಿಯಮ್ಮ ದೇವಿಯ ಗುಡಿಗಳಿವೆ. ಸೇವಾಲಾಲರ ಸಮಾಧಿ ಇರುವುದು ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೊಹರಾದೇವಿಯಲ್ಲಿ. ಎರಡೂ ಕ್ಷೇತ್ರಗಳನ್ನು ಕಂಡು ಬರಬೇಕೆಂಬುದು ಎಷ್ಟೋ ಹಿರಿಯರ ಆಸೆ.

ಜಾತ್ರೆ ನಡೆಯುವ ಕಾಲವನ್ನು ಪಾಲಕರು ಗಮನಿಸಬೇಕು. ಅದು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗಳು ಹತ್ತಿರವಾಗುವ ಸಮಯ. ದಾರಿಯಲ್ಲಿ ಕುಡಿದ ಕೆಟ್ಟ ನೀರಿನಿಂದ ಮಗು ವಾರಗಟ್ಟಲೆ ಹಾಸಿಗೆ ಹಿಡಿದರೆ ನಷ್ಟ ಬರೀ ಜಾತ್ರೆಯದಲ್ಲ. ಹಾಗೆಂದು ಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದಲ್ಲ. ಸ್ವಲ್ಪ ಸಿದ್ಧತೆ ಮಾಡಿಕೊಂಡರೆ ಸಾಕು. ಆ ಸಿದ್ಧತೆಯ ಪಾಠವನ್ನು ಬಂಜಾರರ ಚರಿತ್ರೆಯಿಂದಲೇ ಕಲಿಯಬಹುದು.

ಎತ್ತಿನ ಬೆನ್ನಿನ ಮೇಲೆ ನಡೆದ ವ್ಯಾಪಾರ

ರೈಲು, ಲಾರಿಗಳಿಲ್ಲದ ಕಾಲದಲ್ಲಿ ದೇಶದ ಒಂದು ಮೂಲೆಯ ಧಾನ್ಯವನ್ನು ಇನ್ನೊಂದು ಮೂಲೆಗೆ ಮುಟ್ಟಿಸುತ್ತಿದ್ದವರು ಬಂಜಾರರು. ಗಾಡಿ ಹೋಗದ ಕಾಡುದಾರಿಯಲ್ಲೂ ಅವರ ಹೇರೆತ್ತುಗಳು ಹೋಗುತ್ತಿದ್ದವು. ಅಕ್ಕಿ, ಗೋಧಿ, ಬೇಳೆಕಾಳು ಮತ್ತು ಉಪ್ಪು ಅವರ ಮುಖ್ಯ ಸರಕು. ‘ಲಂಬಾಣಿ’ ಎಂಬ ಹೆಸರು ‘ಲವಣ’ದಿಂದ ಬಂದಿದೆ ಎಂದು ಹೇಳುವವರೂ ಇದ್ದಾರೆ.

ಹದಿನೇಳನೆಯ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಇಕ್ಕಟ್ಟಾದ ದಾರಿಯಲ್ಲಿ ಇಂಥ ಸಾಲು ಎದುರಾದರೆ ಉಳಿದ ಪ್ರಯಾಣಿಕರು ಎರಡು ಮೂರು ದಿನ ಕಾದು ನಿಲ್ಲಬೇಕಾಗಿತ್ತಂತೆ. ಇಂಗ್ಲೆಂಡಿನ ಪೀಟರ್ ಮುಂಡಿ 1632ರಲ್ಲಿ ಉತ್ತರ ಭಾರತದ ದಾರಿಯಲ್ಲಿ 14,000 ಎತ್ತುಗಳ ತಾಂಡಾ ಒಂದನ್ನು ಕಂಡ. ಆ ತಾಂಡಾ ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ, ಅದೂ ತಂಪು ಹೊತ್ತಿನಲ್ಲಿ ಮಾತ್ರ ಎಂದು ಅವನು ಗುರುತು ಹಾಕಿಕೊಂಡಿದ್ದಾನೆ. ಆರೇಳು ಮೈಲಿ ಎಂದರೆ ಇಂದಿನ ಲೆಕ್ಕದಲ್ಲಿ ಹತ್ತು ಹನ್ನೊಂದು ಕಿಲೋಮೀಟರು.

ದಾರಿಯಲ್ಲೇ ಬದುಕು ಸವೆಸಿದವರು ಇಷ್ಟು ನಿಧಾನ ನಡೆದದ್ದೇಕೆ? ಎತ್ತುಗಳು ಮೇಯಬೇಕು, ನೀರು ಕುಡಿಯಬೇಕು, ಹೇರು ಇಳಿಸಿ ದಣಿವಾರಿಸಿಕೊಳ್ಳಬೇಕು. ಎಳೆಯ ಕೂಸು, ಬಸುರಿ ಹೆಂಗಸು, ಮುದುಕರೂ ಜೊತೆಯಲ್ಲೇ ಇರುತ್ತಿದ್ದರು. ದಿನದ ನಡಿಗೆಯನ್ನು ಗಟ್ಟಿ ಎತ್ತಿನ ಶಕ್ತಿಯಿಂದ ಅಳೆದರೆ ಸಾಲು ಮುರಿಯುತ್ತದೆ. ಬಡಕಲು ಎತ್ತಿನಿಂದ ಅಳೆದರೆ ಎಲ್ಲರೂ ಊರು ಸೇರುತ್ತಾರೆ. ನೀರು ಎಲ್ಲಿದೆಯೋ ಅಲ್ಲಿ ತಂಗುವುದು, ತಂಪಿನಲ್ಲಿ ನಡೆಯುವುದು, ಬೇಕಾದಷ್ಟೇ ಹೊರುವುದು ಎಂಬ ಕ್ರಮವನ್ನು ಅನುಭವವೇ ಕಲಿಸಿತ್ತು.

ನಡೆದು ಬರುವವರಿಗೆ

ಆರೋಗ್ಯವಂತ ವಯಸ್ಕರು ಗಂಟೆಗೆ ನಾಲ್ಕೈದು ಕಿ.ಮೀ. ನಡೆಯಬಲ್ಲರು. ಮಕ್ಕಳಿಗೆ, ವಯಸ್ಸಾದವರಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಗುಂಪಿನ ವೇಗವನ್ನು ನಿಧಾನ ನಡೆಯುವವರೇ ನಿರ್ಧರಿಸಬೇಕು. ಅಭ್ಯಾಸವಿಲ್ಲದವರು ದಿನಕ್ಕೆ ಹದಿನೈದು ಕಿ.ಮೀ. ಮೀರದಿರುವುದು ಲೇಸು. ಹೊರಡುವ ಎರಡು ಮೂರು ವಾರ ಮೊದಲಿನಿಂದ ದಿನವೂ ಒಂದು ಗಂಟೆ ನಡೆದು ರೂಢಿ ಮಾಡಿಕೊಂಡರೆ ಮೊದಲ ದಿನವೇ ಕಾಲು ಹಿಡಿದುಕೊಳ್ಳುವುದಿಲ್ಲ.

ಜಾತ್ರೆಗೆಂದು ಹೊಸ ಚಪ್ಪಲಿ ಕೊಂಡು ಅದರಲ್ಲೇ ದೂರ ನಡೆಯುವುದು ಅನೇಕರು ಮಾಡುವ ತಪ್ಪು. ಚರ್ಮಕ್ಕೂ ಚಪ್ಪಲಿಗೂ ಆಗುವ ತಿಕ್ಕಾಟದಿಂದ ಚರ್ಮದ ಪದರಗಳು ಬೇರ್ಪಟ್ಟು ನಡುವೆ ನೀರು ತುಂಬಿಕೊಳ್ಳುತ್ತದೆ. ಅದೇ ಬೊಬ್ಬೆ. ಬೊಬ್ಬೆಯನ್ನು ಒಡೆಯಬಾರದು. ಮೇಲಿನ ಚರ್ಮ ಒಳಗಿನ ಹಸಿ ಭಾಗಕ್ಕೆ ಹೊದಿಕೆ ಇದ್ದಂತೆ. ಶುಚಿಯಾದ ಬಟ್ಟೆಯ ಪಟ್ಟಿ ಕಟ್ಟಿ, ಕಾಲು ಒಣಗಿರುವಂತೆ ನೋಡಿಕೊಂಡರೆ ಮಾಯುತ್ತದೆ. ಹರಕೆಯ ಕಾರಣ ಬರಿಗಾಲಲ್ಲಿ ನಡೆಯುವವರು ನಡುಹಗಲಿನ ಡಾಂಬರು ರಸ್ತೆಯನ್ನು ತಪ್ಪಿಸಬೇಕು. ಕಪ್ಪು ಮೈ ಬಿಸಿಲನ್ನು ಹೆಚ್ಚು ಹೀರಿಕೊಳ್ಳುವುದರಿಂದ ಗಾಳಿಗಿಂತ ರಸ್ತೆಯೇ ಹೆಚ್ಚು ಬಿಸಿಯಾಗಿರುತ್ತದೆ. ಸಕ್ಕರೆ ಕಾಯಿಲೆ ಇರುವವರ ಪಾದಗಳಿಗೆ ನೋವಿನ ಅರಿವು ಕಡಿಮೆ ಇರಬಹುದು. ಅಂಥವರು ವೈದ್ಯರನ್ನು ಕೇಳದೆ ಬರಿಗಾಲ ನಡಿಗೆಗೆ ಇಳಿಯಬಾರದು.

ಬಿಸಿಲಿಗೆ ಅಂಜಿ ರಾತ್ರಿಯೆಲ್ಲ ನಡೆಯುವ ಗುಂಪುಗಳೂ ಇವೆ. ಆದರೆ ಎತ್ತಿನ ಕಾಲದ ರಾತ್ರಿಯಲ್ಲಿ ಲಾರಿಗಳಿರಲಿಲ್ಲ. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಚಾಲಕ ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 25 ಮೀಟರು ಮುಂದೆ ಬಂದಿರುತ್ತದೆ. ಬ್ರೇಕು ಹಿಡಿದ ಮೇಲೂ ನಿಲ್ಲಲು ಇನ್ನೂ ಇಪ್ಪತ್ತು ಮೀಟರಿಗಿಂತ ಹೆಚ್ಚು ಬೇಕು. ಕಪ್ಪು ಬಟ್ಟೆ ತೊಟ್ಟವರು ವಾಹನದ ತಗ್ಗಿಸಿದ ದೀಪದಲ್ಲಿ ತೀರಾ ಹತ್ತಿರವಾದ ಮೇಲಷ್ಟೆ ಕಾಣುತ್ತಾರೆ. ಈ ಲೆಕ್ಕವನ್ನು ಹೈಸ್ಕೂಲು ಮಕ್ಕಳೇ ಮಾಡಿ ಹಿರಿಯರಿಗೆ ತೋರಿಸಬಹುದು. ಬೆಳಕು ಹರಿದ ಮೇಲೆ ಹೊರಟು ಹತ್ತು ಗಂಟೆಯ ಒಳಗೆ ನೆರಳು ಸೇರುವುದು, ಸಂಜೆ ನಾಲ್ಕರ ಮೇಲೆ ಹೊರಟು ಕತ್ತಲಾಗುವ ಮೊದಲು ತಂಗುವುದು ಸರಿಯಾದ ಕ್ರಮ. ಕತ್ತಲಲ್ಲಿ ನಡೆಯಲೇಬೇಕಾದರೆ ಬಿಳಿ ಬಟ್ಟೆ ಇರಲಿ. ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಲಿ. ಸಾಲಿನ ಮೊದಲಿಗರ ಮತ್ತು ಕೊನೆಯವರ ಕೈಯಲ್ಲಿ ಬ್ಯಾಟರಿ ಇರಲಿ.

ನೀರು, ಉಪ್ಪು, ಸಕ್ಕರೆ

ಮುಂದೊಂದು ದಿನ ಬಟ್ಟಲು ನೀರು ರೂಪಾಯಿಗೆ ಮಾರಾಟವಾದೀತು ಎಂದು ಸೇವಾಲಾಲರು ಹೇಳಿದ್ದರೆಂಬ ಮಾತು ತಾಂಡಾಗಳಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಇಂದು ನೀರಿನ ಬಾಟಲಿ ಅದಕ್ಕಿಂತಲೂ ತುಟ್ಟಿ. ಫೆಬ್ರುವರಿಯ ಹಗಲಿನಲ್ಲಿ ಈ ಭಾಗದ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ನಡೆಯುವವರ ಮೈಯಿಂದ ಬೆವರು ಹೋಗುತ್ತದೆ, ಬೆವರಿನೊಡನೆ ಉಪ್ಪೂ ಹೋಗುತ್ತದೆ. ಬಾಯಾರುವ ತನಕ ಕಾಯದೆ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಬೇಕು. ಮೂತ್ರದ ಬಣ್ಣ ಗಾಢ ಹಳದಿಗೆ ತಿರುಗಿದರೆ ನೀರು ಸಾಲದೆಂದು ತಿಳಿಯಬೇಕು. ಮನೆಯಿಂದ ಕುದಿಸಿ ಆರಿಸಿದ ನೀರನ್ನೇ ಒಯ್ಯುವುದು ಒಳ್ಳೆಯದು. ನೋಡಲು ತಿಳಿಯಾಗಿರುವ ನೀರೆಲ್ಲ ಶುದ್ಧವಲ್ಲ. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ.

ವಾಂತಿ ಭೇದಿ ಆರಂಭವಾದರೆ ಏನು ಮಾಡಬೇಕೆಂಬುದು ಪ್ರತಿ ಮನೆಗೂ ತಿಳಿದಿರಬೇಕು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸೇರಿಸಿ ಕಲಕಿ, ಗುಟುಕು ಗುಟುಕಾಗಿ ಕುಡಿಸಬೇಕು. ಅಳತೆ ತಪ್ಪಬಾರದು. ಉಪ್ಪು ಹೆಚ್ಚಾದರೆ ಮಗುವಿಗೆ ಕೇಡು. ಮಾಡಿಟ್ಟ ದ್ರಾವಣವನ್ನು ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಔಷಧ ಅಂಗಡಿಯ ಓಆರ್‌ಎಸ್ ಪೊಟ್ಟಣ ನಾಲ್ಕೈದು ಚೀಲದಲ್ಲಿದ್ದರೆ ಇನ್ನೂ ಉತ್ತಮ.

ಸಕ್ಕರೆ ಏಕೆ ಬೇಕು? ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೊತೆಗೂಡಿಸಿ ಒಳಗೆ ಒಯ್ಯುವ ಪ್ರೋಟೀನುಗಳಿವೆ. ಭೇದಿಯಾಗುತ್ತಿರುವಾಗಲೂ ಅವು ಕೆಲಸ ಮಾಡುತ್ತಿರುತ್ತವೆ. ಉಪ್ಪು, ಸಕ್ಕರೆ ಒಳಗೆ ಹೋದ ಹಾಗೆ ನೀರೂ ಅವುಗಳ ಹಿಂದೆ ಹೋಗುತ್ತದೆ. ಈ ಸರಳ ತತ್ವದ ಬೆಲೆ ಜಗತ್ತಿಗೆ ಚೆನ್ನಾಗಿ ತಿಳಿದದ್ದು ಒಂದು ದೊಡ್ಡ ವಲಸೆಯ ಸಂದರ್ಭದಲ್ಲಿ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಉಪ್ಪು ಸಕ್ಕರೆಯ ದ್ರಾವಣ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರ ಹತ್ತಿರವಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಪದ್ಮವಿಭೂಷಣ ಸಂದಿತು.

ಬುತ್ತಿ

ಲಂಬಾಣಿಗರ ಮಾತಿನಲ್ಲಿ ರೊಟ್ಟಿಗೆ ಬಾಟಿ ಎನ್ನುತ್ತಾರೆ. ಜೋಳದ ರೊಟ್ಟಿಯನ್ನು ಕಟಕಾಗುವಂತೆ ಒಣಗಿಸಿಟ್ಟರೆ ಹಲವು ದಿನ ಕೆಡುವುದಿಲ್ಲ. ತೇವ ಇಲ್ಲದ ಕಡೆ ಬೂಷ್ಟು, ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಹುರಿದ ಶೇಂಗಾ, ಬೆಲ್ಲ, ಚಟ್ನಿಪುಡಿ, ಅವಲಕ್ಕಿ, ದಾವಣಗೆರೆಯ ಮಂಡಕ್ಕಿ ಇವೆಲ್ಲ ಹಗುರವಾದ, ಕೆಡದ ಬುತ್ತಿ. ಬೆಳಿಗ್ಗೆ ಕಲಸಿದ ಚಿತ್ರಾನ್ನ, ಮೊಸರನ್ನವನ್ನು ಬಿಸಿಲಿನ ಬಸ್ಸಿನಲ್ಲಿಟ್ಟು ರಾತ್ರಿ ತಿನ್ನುವುದು ಅಪಾಯ. ಜಾತ್ರೆಯ ಅಂಗಡಿಗಳಲ್ಲಿ ಬಾಣಲೆಯಿಂದ ಆಗತಾನೆ ತೆಗೆದ ಬಿಸಿ ತಿಂಡಿ, ಕಾವಲಿಯಿಂದಿಳಿದ ದೋಸೆ ತಿನ್ನಬಹುದು. ಕತ್ತರಿಸಿಟ್ಟ ಹಣ್ಣು, ಮಂಜುಗಡ್ಡೆ ಹಾಕಿದ ಪಾನಕ ಬೇಡ. ಬಾಳೆಹಣ್ಣು, ಕಿತ್ತಳೆ, ಎಳನೀರು ಪ್ರಕೃತಿಯೇ ಮುಚ್ಚಳ ಹಾಕಿ ಕೊಟ್ಟ ಆಹಾರ. ಸಾಲಿನಲ್ಲಿ ಕೂತು ಪ್ರಸಾದ ಉಣ್ಣುವ ಮೊದಲು ಸೋಪು ಹಾಕಿ ಕೈ ತೊಳೆಯುವುದನ್ನು ಮಕ್ಕಳಿಗೆ ಹೇಳಿಕೊಡಬೇಕು, ದೊಡ್ಡವರು ಮಾಡಿ ತೋರಿಸಬೇಕು.

ವಾಹನದಲ್ಲಿ ಬರುವವರಿಗೆ

ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹುಲ್ಲು ಹಾಸಿ ಇಡೀ ಓಣಿಯ ಜನ ಹೊರಡುವುದು ಹಳ್ಳಿಗಳಲ್ಲಿ ಸಾಮಾನ್ಯ. ಖರ್ಚು ಕಡಿಮೆ ಎಂಬುದು ನಿಜ. ಆದರೆ ಟ್ರೈಲರ್ ಮಾಡಿರುವುದು ಸರಕಿಗೆ. ಎತ್ತರದಲ್ಲಿ ಜನ ಕೂತರೆ, ಅಂಚಿನಲ್ಲಿ ಹುಡುಗರು ನಿಂತರೆ ಅದರ ಗುರುತ್ವಕೇಂದ್ರ ಮೇಲೇರುತ್ತದೆ. ತಿರುವಿನಲ್ಲಿ ಸ್ವಲ್ಪ ವೇಗ ಹೆಚ್ಚಾದರೂ ಮಗುಚಿಕೊಳ್ಳುತ್ತದೆ. ಸರಕಿನ ವಾಹನದಲ್ಲಿ ಜನರನ್ನು ಸಾಗಿಸುವುದು ಕಾನೂನಿಗೂ ವಿರುದ್ಧ, ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು. ನಾಲ್ಕು ಮನೆಯವರು ಸೇರಿ ಬಸ್ಸು ಹಿಡಿಯುವುದು ಮೇಲು.

ಬಸ್ಸಿನಲ್ಲಿ ಮಕ್ಕಳಿಗೆ ವಾಂತಿ ಬರುವುದಕ್ಕೆ ಕಾರಣ ಹೊಟ್ಟೆಯಲ್ಲ, ಕಿವಿ. ಒಳಕಿವಿ ಅಲುಗಾಟವನ್ನು ಮೆದುಳಿಗೆ ತಿಳಿಸುತ್ತಿರುವಾಗ ಪುಸ್ತಕ ಅಥವಾ ಮೊಬೈಲಿನ ಮೇಲಿರುವ ಕಣ್ಣು ಎಲ್ಲವೂ ಸ್ಥಿರವಾಗಿದೆ ಎನ್ನುತ್ತದೆ. ಎರಡು ಸುದ್ದಿಗೂ ತಾಳೆಯಾಗುವುದಿಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ಗುಡ್ಡ ನೋಡಲು ಹೇಳಿದರೆ ಅರ್ಧ ತೊಂದರೆ ತಪ್ಪುತ್ತದೆ.

ದೂರದ ಊರಿನಲ್ಲಿ ನೆಲೆಸಿದವರಿಗೆ ಈಗ ವಿಮಾನದ ಅನುಕೂಲವೂ ಇದೆ. ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು, ಆಗಸ್ಟ್ 31ರಿಂದ ವಿಮಾನ ಹಾರಾಟ ಆರಂಭವಾಯಿತು. ಮೊದಲ ಸಲ ವಿಮಾನ ಹತ್ತುವವರು ಪೂಜೆಯ ಚೀಲವನ್ನೊಮ್ಮೆ ಪರಿಶೀಲಿಸಬೇಕು. ಕರ್ಪೂರ, ಬೆಂಕಿಪೊಟ್ಟಣ ಬೇಗ ಹೊತ್ತಿಕೊಳ್ಳುವ ವಸ್ತುಗಳು. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚಿದ್ದು ತಾನಾಗಿ ಕಾವೇರುವ ಗುಣವಿರುವುದರಿಂದ ಅದೂ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಇವುಗಳನ್ನು ಮನೆಯಲ್ಲೇ ಬಿಟ್ಟು ಊರಿನಲ್ಲಿ ಕೊಳ್ಳುವುದು ಸುಲಭ. ಮೊಬೈಲಿನ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕಬಾರದು. ವಿಮಾನ ಇಳಿಯುವಾಗ ಕಿವಿ ಕಟ್ಟಿದಂತಾದರೆ ಎಂಜಲು ನುಂಗುತ್ತಿರಬೇಕು. ಹಸುಗೂಸಿಗೆ ಹಾಲೂಡಿಸಿದರೆ ಸಾಕು.

ಜಾತ್ರೆಯ ನಡುವೆ

ಜನಸಂದಣಿಯಲ್ಲಿ ಮೊಬೈಲು ಕೈಕೊಡುವುದುಂಟು. ಒಂದು ಗೋಪುರಕ್ಕೆ ಇಷ್ಟೇ ಕರೆ ಎಂಬ ಮಿತಿ ಇರುತ್ತದೆ. ಬಂದಿಳಿದ ಕೂಡಲೇ ತಪ್ಪಿಸಿಕೊಂಡವರು ಎಲ್ಲಿ ಸೇರಬೇಕೆಂಬುದನ್ನು ಎಲ್ಲರಿಗೂ ತೋರಿಸಿಡಬೇಕು. ಗುಡಿಯ ಬಾಗಿಲು ಅದಕ್ಕೆ ತಕ್ಕ ಜಾಗವಲ್ಲ, ಪೊಲೀಸ್ ಚೌಕಿ ಅಥವಾ ವೈದ್ಯಕೀಯ ಶಿಬಿರದ ಬಳಿ ಆಗಬಹುದು. ಸಣ್ಣ ಮಕ್ಕಳ ಜೇಬಿನಲ್ಲಿ ಪಾಲಕರ ಹೆಸರು, ಫೋನ್ ನಂಬರು ಬರೆದ ಚೀಟಿ ಇರಲಿ. 108 ಆಂಬುಲೆನ್ಸಿಗೆ, 112 ಪೊಲೀಸ್ ನೆರವಿಗೆ, 1098 ಮಕ್ಕಳ ಸಹಾಯಕ್ಕೆ ಎಂಬುದನ್ನು ಮಕ್ಕಳು ಬಾಯಿಪಾಠ ಮಾಡಲಿ.

ಹೊನ್ನಾಳಿಯ ಬಳಿ ತುಂಗಭದ್ರೆಯಲ್ಲಿ ಸ್ನಾನ ಮಾಡಿ ಮುಂದೆ ಹೋಗುವವರು ಸ್ಥಳೀಯರು ಇಳಿಯುವ ಜಾಗದಲ್ಲೇ ಇಳಿಯಬೇಕು. ಹೊಳೆಯ ತಳ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳೆತ್ತರದ ಗುಂಡಿ ಇರಬಹುದು. ಒಬ್ಬ ಮುಳುಗಿದಾಗ ಕೈ ಹಿಡಿಯಲು ಹೋದವರೂ ಮುಳುಗುತ್ತಾರೆ. ಉದ್ದನೆಯ ಸೀರೆ, ಹಗ್ಗ ಅಥವಾ ಕೋಲನ್ನು ದಡದಿಂದ ಚಾಚುವುದೇ ಸರಿ.

ಕನ್ನಡಿ, ಕವಡೆ, ನಾಣ್ಯ ಹೊಲಿದ ಫೇಟಿಯಾ, ಕಾಂಚಳಿ ತೊಟ್ಟ ಅಜ್ಜಿಯರನ್ನು ಕಂಡ ಕೂಡಲೇ ಮೊಬೈಲು ಎತ್ತಿ ಹಿಡಿಯುವುದು ಸಭ್ಯತೆಯಲ್ಲ. ಅವರು ದೇವರಿಗೆ ಬಂದವರು. “ಯಾಡಿ, ಒಂದು ಫೋಟೋ ತೆಗೆಯಲೇ?” ಎಂದು ಕೇಳಿದರೆ ಬಹಳ ಮಂದಿ ನಕ್ಕು ಒಪ್ಪುತ್ತಾರೆ. ಯಾಡಿ ಎಂದರೆ ಅವರ ಮಾತಿನಲ್ಲಿ ತಾಯಿ.

ಇನ್ನೊಂದು ಪ್ರಯಾಣ

1853ರಲ್ಲಿ ಮುಂಬಯಿ ಮತ್ತು ಠಾಣೆಯ ನಡುವೆ ಮೊದಲ ಪ್ರಯಾಣಿಕರ ರೈಲು ಓಡಿತು. ಹಳಿಗಳು ದೇಶದೊಳಕ್ಕೆ ಚಾಚಿದಂತೆ ಹೇರೆತ್ತುಗಳಿಗೆ ಕೆಲಸ ತಪ್ಪಿತು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಅಲೆದಾಡುವ ಬದುಕನ್ನೇ ಅನುಮಾನದಿಂದ ನೋಡಿತು. ಕೆಲವು ಕಡೆ ಬಂಜಾರ ಗುಂಪುಗಳೂ ಅದರ ಪಟ್ಟಿಗೆ ಸೇರಿದವು. ಸ್ವಾತಂತ್ರ್ಯಾನಂತರ, 1952ರಲ್ಲಿ, ಆ ಕಾಯಿದೆ ರದ್ದಾಯಿತು. ತಾಂಡಾಗಳು ಊರಿನ ಅಂಚಿನಲ್ಲಿ ನೆಲೆ ನಿಂತವು. ಆದರೂ ಎಷ್ಟೋ ತಾಂಡಾಗಳ ಜನ ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಕಟ್ಟಡ ಕೆಲಸಕ್ಕೆ ಗಂಟುಮೂಟೆ ಕಟ್ಟುವುದು ನಿಂತಿಲ್ಲ. ಮಕ್ಕಳೂ ಜೊತೆಗೆ ಹೋಗುತ್ತಾರೆ, ಶಾಲೆ ಅಲ್ಲೇ ಉಳಿಯುತ್ತದೆ.

ಜಾತ್ರೆಗೆ ಹೊರಡುವಾಗ ಇಷ್ಟೆಲ್ಲ ಜೋಡಿಸಿಕೊಳ್ಳುವ ಪಾಲಕರು ಈ ಪ್ರಯಾಣಕ್ಕೂ ಒಂದು ಚೀಲ ಸಿದ್ಧಪಡಿಸಬೇಕು. ಮಗುವನ್ನು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಬಿಟ್ಟುಹೋಗಲು ಸಾಧ್ಯವೇ ಎಂದು ಮೊದಲು ಶಾಲೆಯಲ್ಲಿ ವಿಚಾರಿಸಬೇಕು. ವಲಸೆ ಹೋಗುವವರ ಮಕ್ಕಳಿಗಾಗಿಯೇ ಋತುಮಾನದ ವಸತಿ ವ್ಯವಸ್ಥೆ ಮಾಡುವ ಯೋಜನೆ ಶಿಕ್ಷಣ ಇಲಾಖೆಯಲ್ಲಿದೆ. ಕರೆದುಕೊಂಡೇ ಹೋಗುವುದಾದರೆ ವರ್ಗಾವಣೆ ಪತ್ರ, ಮಗುವಿನ ಸ್ಯಾಟ್ಸ್ ಸಂಖ್ಯೆ, ಲಸಿಕೆಯ ತಾಯಿ ಕಾರ್ಡು, ಪಡಿತರ ಚೀಟಿ ಚೀಲದಲ್ಲಿರಲಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳಬಹುದು. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಪತ್ರ ತರಲು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಹೋದ ಊರಿನಲ್ಲಿ ಸಂತೆ ಎಲ್ಲಿದೆ ಎಂದು ಕೇಳುವ ಮೊದಲು ಶಾಲೆ ಎಲ್ಲಿದೆ ಎಂದು ಕೇಳುವುದು ಮಗುವಿನ ಪಾಲಿಗೆ ದೊಡ್ಡ ಉಪಕಾರ.

ಹೋಗುವುದು ಹೇಗೆ?

ರೈಲಿನಲ್ಲಿ ಬರುವವರು ಶಿವಮೊಗ್ಗ ಅಥವಾ ದಾವಣಗೆರೆಯಲ್ಲಿ ಇಳಿದು ಬಸ್ಸಿನಲ್ಲಿ ನ್ಯಾಮತಿ ಕಡೆಗೆ ಹೊರಡಬೇಕು. ಹಳೆಯ ನಕಾಶೆ, ಪುಸ್ತಕಗಳಲ್ಲಿ ಹುಡುಕುವ ವಿದ್ಯಾರ್ಥಿಗಳು ಇದನ್ನು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿ ನೋಡಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಅದಕ್ಕೆ ಸೇರಿದವು, ನ್ಯಾಮತಿ ಬೇರೆ ತಾಲ್ಲೂಕಾದದ್ದು ಆಮೇಲೆ. ಒಂದು ದಿನ ಹೆಚ್ಚು ಬಿಡುವಿದ್ದವರು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು (ಶಾಂತಿಸಾಗರ) ನೋಡಬಹುದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ನಾಲ್ಕು ಕೊಂಬಿನ ಕೊಂಡುಕುರಿಗಳಿಗೆ ಮೀಸಲಾದ ವನ್ಯಧಾಮ. ಅದು ಜಿಲ್ಲೆಯ ಇನ್ನೊಂದು ಅಂಚಿನಲ್ಲಿರುವುದರಿಂದ ಅದಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಬೇಕು. ಜಾತ್ರೆಯ ದಿನಗಳಲ್ಲಿ ತಂಗಲು ಜಾಗ ಸಿಗುವುದು ಕಷ್ಟ. ಮುದುಕರು, ಎಳೆಯ ಮಕ್ಕಳಿರುವ ಕುಟುಂಬದವರು ಜನಸಂದಣಿ ಇಲ್ಲದ ಬೇರೆ ತಿಂಗಳಲ್ಲಿ ಬಂದರೆ ನಿಧಾನವಾಗಿ ದರ್ಶನ ಮಾಡಿ, ಊರಿನ ಹಿರಿಯರೊಡನೆ ಮಾತಾಡಿ ಹೋಗಬಹುದು.